ಓದುಗರ ಪ್ರಶ್ನೆ: ಟರ್ನ್‌ಟೇಬಲ್, ಮಿಕ್ಸರ್, ಮೈಕ್ – ಯಾವ ತೂತಿಗೆ ಯಾವ ಪಿನ್ನು?

ಪ್ರಶ್ನೆ: ಮನೆಯಲ್ಲಿ ತಾತನ ಕಾಲದ ಎಲ್‌ಪಿ ರೆಕಾರ್ಡುಗಳಿವೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಒಕ್ಕದವರೆಲ್ಲ ಸೇರುವಾಗ ಹಾಕೋಣವೆಂದು ಹೊಸ ಟರ್ನ್‌ಟೇಬಲ್, ಚಿಕ್ಕದೊಂದು ಮಿಕ್ಸರ್, ಎರಡು ಮೈಕ್ ತಂದೆವು. ಸ್ಟೀರಿಯೋ ಲೈನ್ ತೂತುಗಳಿಗೆ ಹಾಕಿದರೆ ದನಿ ಕೀರಲು, ಕಿವಿಯಿಟ್ಟು ಕೇಳಬೇಕು. ಅಂಗಡಿಯವರು ಕೊಟ್ಟ ಒಂಟಿ ಪಿನ್ನಿನ ಕೇಬಲ್‌ನಿಂದ ಒಂದನೇ ಚಾನೆಲ್‌ಗೆ ಹಾಕಿ ಗೇನ್ ಏರಿಸಿದರೆ ಹಾಡಿದವರ ಕಂಠವೇ ಇಲ್ಲ, ಬರೀ ಚಟಪಟ. ಟರ್ನ್‌ಟೇಬಲ್ ಕೆಟ್ಟಿದೆಯೇ?
– ವಿರಾಜಪೇಟೆ

ಉತ್ತರ: ಕೆಟ್ಟಿಲ್ಲ. ನಿಮ್ಮಲ್ಲಿ ಒಂದು ಸಾಮಾನು ಕಡಿಮೆಯಿದೆ, ಒಂದು ಕೇಬಲ್ ತಪ್ಪಿದೆ.

ಕಡಿಮೆಯಿರುವುದು ಫೋನೋ ಪ್ರೀ-ಆಂಪ್, ಅಂದರೆ ಸೂಜಿಯಿಂದ ಬರುವ ಸಣ್ಣ ಸಿಗ್ನಲ್ ಹಿಗ್ಗಿಸಿ ಬಾಸ್–ಟ್ರೆಬಲ್ ಸರಿಪಡಿಸುವ ಸಾಮಾನು. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ (ಸೂಜಿ ಕೂರಿಸಿದ ಭಾಗ) ಹೊರಬರುವುದು 3ರಿಂದ 5 ಮಿಲಿವೋಲ್ಟ್. ಲೈನ್ ತೂತು ಎದುರು ನೋಡುವುದು ಸುಮಾರು 300 ಮಿಲಿವೋಲ್ಟ್. ಹಾಗಾಗಿ ದನಿ ಕೇಳಿಯೂ ಕೇಳದ ಹಾಗಿರುತ್ತದೆ. ‘ಗೇನ್ ಜಾಸ್ತಿ ಮಾಡಿದರಾಯಿತಲ್ಲ’ ಅನ್ನಿಸಬಹುದು, ಆದರೆ ಅದರಿಂದ ಅರ್ಧ ಕೆಲಸವೂ ಆಗದು. ರೆಕಾರ್ಡ್ ಕೊರೆಯುವಾಗಲೇ ಬಾಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ. ಇಲ್ಲದಿದ್ದರೆ ಬಾಸ್‌ಗೆ ಗೀರು ಅಗಲವಾಗಿ ಹರಡಿಕೊಂಡು ಒಂದು ಮುಖದಲ್ಲಿ ಅಷ್ಟು ಹಾಡು ಹಿಡಿಸುವುದಿಲ್ಲ. ನುಡಿಸುವಾಗ ಇದನ್ನು ತಿರುವುಮುರುವು ಮಾಡಬೇಕು: 20 ಹರ್ಟ್ಸ್ ಹತ್ತಿರ ಸುಮಾರು 20 ಡೆಸಿಬಲ್ ಏರಿಕೆ, 20 ಸಾವಿರ ಹರ್ಟ್ಸ್ ಹತ್ತಿರ ಅಷ್ಟೇ ಇಳಿಕೆ. 1954ರಿಂದ ಎಲ್ಲರೂ ಒಪ್ಪಿಕೊಂಡು ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಲೆಕ್ಕ ಇದು. ಮಿಕ್ಸರ್‌ನ ಬಾಸ್ ಗುಬುಟು ತಿರುಗಿಸಿ ಇದನ್ನು ಸರಿದೂಗಿಸಲು ಆಗುವುದಿಲ್ಲ. ಜೊತೆಗೆ ಕಾರ್ಟ್ರಿಜ್‌ಗೆ 47 ಕಿಲೋ ಓಮ್ ಲೋಡ್ ಬೇಕು. ಮೈಕ್ ತೂತಿನಲ್ಲಿ ಸಿಗುವುದು ಒಂದೆರಡು ಕಿಲೋ ಓಮ್ ಮಾತ್ರ.

ಪ್ರೀ-ಆಂಪ್ ಕೊಳ್ಳುವ ಮೊದಲು ಟರ್ನ್‌ಟೇಬಲ್ ಹಿಂಭಾಗ, ರೆಕಾರ್ಡ್ ಇಡುವ ತಟ್ಟೆಯಾದ ಪ್ಲ್ಯಾಟರ್‌ನ ಅಡಿ ಎರಡೂ ಕಡೆ ನೋಡಿ. ‘ಫೋನೋ / ಲೈನ್’ ಎಂದು ಪುಟ್ಟ ಸ್ವಿಚ್ ಇದ್ದರೆ ಪ್ರೀ-ಆಂಪ್ ಒಳಗೇ ಇದೆ ಎಂದರ್ಥ. ಲೈನ್ ಕಡೆಗೆ ತಳ್ಳಿದರೆ ಸಾಕು, ಖರ್ಚಿಲ್ಲ. ಡಿಜೆ ಮಿಕ್ಸರ್‌ನ ಫೋನೋ ತೂತಿಗೆ ಹಾಕುವವರು ಮಾತ್ರ ಅದನ್ನು ಫೋನೋ ಕಡೆಗೇ ಇಡಬೇಕು. ಎರಡು ಪ್ರೀ-ಆಂಪ್ ಒಂದರ ಮೇಲೊಂದು ಕುಳಿತರೆ ದನಿ ಒಡೆದುಹೋಗುತ್ತದೆ.

ಇನ್ನು ಆ ಕೇಬಲ್. ಒಂದು ಕಡೆ ಎರಡು ಆರ್‌ಸಿಎ (ಟರ್ನ್‌ಟೇಬಲ್ ಕಡೆಯ ಕೆಂಪು–ಬಿಳಿ ಪಿನ್ನು), ಇನ್ನೊಂದು ಕಡೆ ಒಂದೇ ಸ್ಟೀರಿಯೋ ಪಿ-38 (ಕಾಲಿಂಚು ದಪ್ಪದ ಪಿನ್ನು) ಇದ್ದಿರಬೇಕು, ಅಂದರೆ ಪಿನ್ನಿನ ಮೇಲೆ ಎರಡು ಕಪ್ಪು ಉಂಗುರ. ಒಂದನೇ ಚಾನೆಲ್ ಮೋನೋ ಬ್ಯಾಲೆನ್ಸ್ಡ್ ತೂತು. ಪಿನ್ನಿನ ತುದಿಯಲ್ಲಿ ಬಂದದ್ದರಿಂದ, ಎರಡು ಕಪ್ಪು ಉಂಗುರಗಳ ನಡುವಿನ ಲೋಹದ ಭಾಗದಲ್ಲಿ ಬಂದದ್ದನ್ನು ಕಳೆಯುವುದೇ ಅದರ ಕೆಲಸ. ಎಡ–ಬಲ ಎರಡರಲ್ಲೂ ಒಂದೇ ತೆರನಾಗಿರುವ ಕಂಠ ಹೀಗೆ ಕಳೆದುಹೋಗಿ, ಗೀರು–ಧೂಳಿನ ಸದ್ದು ಉಳಿದುಕೊಳ್ಳುತ್ತದೆ. ಹಳೆಯ ಮೋನೋ ರೆಕಾರ್ಡಿನಲ್ಲಂತೂ ಹಾಡೇ ಇರುವುದಿಲ್ಲ. ಎರಡು ಆರ್‌ಸಿಎಯಿಂದ ಎರಡು ಮೋನೋ ಪಿ-38 (ಒಂದೇ ಉಂಗುರ) ಇರುವ ಕೇಬಲ್ ಕೇಳಿ ತನ್ನಿ. ಪ್ರೀ-ಆಂಪ್‌ನಿಂದ ಹೊರಟ ಎಡ–ಬಲ ಪಿನ್ನುಗಳು ಮಿಕ್ಸರ್‌ನ 3/4 ಎಂದು ಬರೆದಿರುವ ಸ್ಟೀರಿಯೋ ಜೋಡಿಗೆ ಹೋಗಲಿ. ಟರ್ನ್‌ಟೇಬಲ್‌ನಿಂದ ಬರುವ ತೆಳು ಗ್ರೌಂಡ್ ವಯರನ್ನು ಪ್ರೀ-ಆಂಪ್‌ನ ಸ್ಕ್ರೂವಿಗೆ ಬಿಗಿಯಿರಿ. ಅದೊಂದು ಬಿಟ್ಟರೆ ಗುಂಯ್ ಎನ್ನುವುದು ಗ್ಯಾರಂಟಿ.

ಮಿಕ್ಸರ್‌ನ ಮೇನ್ ಔಟ್ ಆಂಪ್ಲಿಫೈಯರ್‌ನ ಆಕ್ಸ್ ಅಥವಾ ಲೈನ್ ತೂತಿಗೆ ಹೋಗಬೇಕು, ಮೈಕ್ ತೂತಿಗಲ್ಲ. ಕನೆಕ್ಷನ್ ಎಲ್ಲ ಆಫ್ ಇದ್ದಾಗ ಕೊಡಿ. ಆನ್ ಮಾಡುವಾಗ ಮೊದಲು ಟರ್ನ್‌ಟೇಬಲ್, ಆಮೇಲೆ ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಉಲ್ಟಾ ಮಾಡಿದರೆ ‘ಧಪ್’ ಎನ್ನುವ ಹೊಡೆತ ನೇರ ಸ್ಪೀಕರ್‌ಗೆ ಬೀಳುತ್ತದೆ.

ಐನ್‌ಮನೆ ಅಂದಿರಿ, ಅದಕ್ಕೆ ಒಂದು ಮಾತು. ಮರದ ಹಲಗೆಯ ನೆಲದ ಮೇಲೆ ಟರ್ನ್‌ಟೇಬಲ್ಲೂ ಸ್ಪೀಕರ್ ಬಾಕ್ಸೂ ಒಟ್ಟಿಗಿದ್ದರೆ ಬಾಸ್‌ನ ಅದುರು ಹಲಗೆಯ ಮೂಲಕ ಸೂಜಿಗೆ ಮರಳಿ ಬಂದು ‘ಭೂಂ’ ಎಂದು ಬೆಳೆಯುತ್ತಾ ಹೋಗುತ್ತದೆ. ಮಕ್ಕಳು ಓಡಾಡಿದರೆ ಸೂಜಿ ಹಾರುವುದೂ ಉಂಟು. ಟರ್ನ್‌ಟೇಬಲನ್ನು ಬಾಕ್ಸ್‌ಗಳಿಂದ ದೂರ, ಗೋಡೆಯ ಬದಿಗೆ, ಅಡಿಗೆ ದಪ್ಪ ರಬ್ಬರ್ ಹಾಕಿದ ಕಡಪ ಕಲ್ಲಿನ ಮೇಲೆ ಇಡಿ. ಸೂಜಿ ಹಾರುತ್ತದೆಂದು ಸೂಜಿಯ ತೋಳಿನ ತಲೆಯ ಮೇಲೆ ನಾಣ್ಯ ಅಂಟಿಸಬೇಡಿ. ಕಾರ್ಟ್ರಿಜ್ ಚೀಟಿಯಲ್ಲಿ ಹೇಳಿದ ಭಾರ, ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ, ಇಟ್ಟರೆ ಸಾಕು.

ಪ್ರಶ್ನೆ: ಮಿಕ್ಸರ್ ಆನ್ ಮಾಡಿದೊಡನೆ ಒಂದೇ ಸಮನೆ ಹಮ್ ಬರುತ್ತದೆ. ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?
– ಮಡಿಕೇರಿ

ಉತ್ತರ: ಖಂಡಿತ ಬೇಡ. ಹಮ್ ಹೋಗಬಹುದು. ಆದರೆ ಮಿಕ್ಸರ್ ಒಳಗೆ ಲೀಕೇಜ್ ಆದ ದಿನ ಆ ಕರೆಂಟ್ ಮೈಕ್ ಹಿಡಿದವರ ಕೈಗೆ ಬರುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತವರ ಗತಿ ಹೇಳಬೇಕಿಲ್ಲ.

ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಚಾನೆಲ್ ಫೇಡರ್‌ಗಳನ್ನು (ದನಿ ಏರಿಳಿಸುವ ಗುಬುಟು) ಒಂದೊಂದಾಗಿ ಇಳಿಸಿ. ಯಾವುದನ್ನು ಇಳಿಸಿದಾಗ ನಿಂತಿತೋ ಆ ಚಾನೆಲ್‌ನ ಕೇಬಲ್ ಅಥವಾ ಸಾಮಾನಿನಲ್ಲಿ ದೋಷ. ಎಲ್ಲ ಇಳಿಸಿದರೂ ಇದ್ದರೆ ಮಿಕ್ಸರ್ ಮತ್ತು ಆಂಪ್ಲಿಫೈಯರ್ ನಡುವೆ. ಎರಡೂ ಬೇರೆ ಬೇರೆ ಕೋಣೆಯ ಸಾಕೆಟ್‌ನಲ್ಲಿದ್ದರೆ ಅರ್ತ್ ಎರಡು ದಾರಿಯಲ್ಲಿ ಸುತ್ತಿಕೊಂಡು ಹಮ್ ಹುಟ್ಟುತ್ತದೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಿಂದ ಹಾಡು ಹಾಕುವವರಾದರೆ ಚಾರ್ಜರ್ ಕಿತ್ತು ಕೇಳಿ. ನಿಂತಿತೆಂದರೆ ನಡುವೆ ಅರ್ತ್ ದಾರಿ ಬೇರ್ಪಡಿಸುವ ಒಂದು ಡಿಐ ಬಾಕ್ಸ್ ಬೇಕು.

ಮೈಕ್ ಕೇಬಲನ್ನೂ ಬಿಚ್ಚಿ ನೋಡಿ. ಒಂದು ಕಡೆ ಕ್ಯಾನನ್ (ಮೂರು ಪಿನ್ನಿನ ಎಕ್ಸ್‌ಎಲ್‌ಆರ್), ಇನ್ನೊಂದು ಕಡೆ ಮೋನೋ ಪಿ-38 ಇರುವ ಕೇಬಲ್ ಬ್ಯಾಲೆನ್ಸ್ಡ್ ಅಲ್ಲ. ಐದಾರು ಮೀಟರ್ ದಾಟಿದರೆ ಹಮ್ ಹಿಡಿಯುತ್ತದೆ. ಎರಡೂ ಕಡೆ ಕ್ಯಾನನ್ ಇರಲಿ: 1ನೇ ಪಿನ್ ಶೀಲ್ಡ್, 2 ಹಾಟ್, 3 ಕೋಲ್ಡ್. ಕರೆಂಟ್ ವಯರಿನ ಜೊತೆ ಉದ್ದಕ್ಕೂ ಸುತ್ತಬೇಡಿ, ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದಾಗ ಮಾತ್ರ ‘ಝರ್’ ಎನ್ನುವುದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಗುಣ; ಸೈನ್ ವೇವ್‌ನದ್ದು ಹಾಕಿದರೆ ಸರಿಯಾಗುತ್ತದೆ.

ಪ್ರಶ್ನೆ: ದುಡಿ ಬಾರಿಸಿಕೊಂಡು ನಾಲ್ವರು ಹಾಡುವಾಗ ನಾಲ್ಕು ಮೈಕ್ ಇಟ್ಟರೆ ‘ಕುಂಯ್’ ಎಂದು ಕೂಗುತ್ತದೆ. ಒಂದಿಟ್ಟರೆ ದುಡಿ ಮಾತ್ರ ಕೇಳುತ್ತದೆ.
– ಸೋಮವಾರಪೇಟೆ

ಉತ್ತರ: ತೆರೆದ ಮೈಕ್ ದುಪ್ಪಟ್ಟಾದಂತೆಲ್ಲ ಕೂಗುವ ಮೊದಲು ಸಿಗುವ ದನಿ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಇಬ್ಬರಿಗೆ ಒಂದರಂತೆ ಎರಡು ಸಾಕು, ಆದರೆ ಬಾಯಿಯ ಎತ್ತರಕ್ಕೆ, ಒಂದು ಗೇಣಿನೊಳಗೆ. ಮೈಕ್ ಅರ್ಧ ದೂರಕ್ಕೆ ಬಂದರೆ ದನಿ 6 ಡೆಸಿಬಲ್ ಏರುತ್ತದೆ, ಗೇನ್ ಅಷ್ಟು ಇಳಿಸಬಹುದು. ದುಡಿ ಸೊಂಟದ ಹತ್ತಿರವೇ ಇರಲಿ. ಕಾರ್ಡಿಯಾಯ್ಡ್ ಮೈಕ್‌ಗೆ ಬೆನ್ನಿನ ಕಡೆ ಕಿವಿ ಮಂದ, ಆದ್ದರಿಂದ ಬಾಕ್ಸ್‌ಗಳು ಹಾಡುವವರಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಟ್ಟು ತಕ್ಷಣ ಕೂಗುತ್ತದೆ. ಹಾಡುವವರಿಗೆ ಮೊದಲೇ ಹೇಳಿ. ಎಕೋ ಗುಬುಟು ಪೂರ್ತಿ ಸೊನ್ನೆಗಿರಲಿ.

ಕೇಬಲ್ ಮೂಲಕವೇ ಮೈಕ್‌ಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಸ್ವಿಚ್ ಕಂಡೆನ್ಸರ್ ಮೈಕ್‌ಗೆ ಮಾತ್ರ ಬೇಕು. ಸರಿಯಾದ ಕ್ಯಾನನ್ ಕೇಬಲ್‌ನಲ್ಲಿರುವ ಡೈನಮಿಕ್ ಮೈಕ್‌ಗೆ (ಕರೆಂಟ್ ಬೇಡದ ಸಾಮಾನ್ಯ ಮೈಕ್) ಅದು ಆನ್ ಇದ್ದರೂ ತೊಂದರೆಯಿಲ್ಲ.

ಪ್ರಶ್ನೆ: ಮಳೆಗಾಲ ಮುಗಿದು ತೆಗೆದರೆ ರೆಕಾರ್ಡುಗಳ ಮೇಲೆ ಬೂಷ್ಟು. ಸ್ಪಿರಿಟ್‌ನಲ್ಲಿ ಒರೆಸಬಹುದೇ?
– ನಾಪೋಕ್ಲು

ಉತ್ತರ: ನಿಮ್ಮವು 78 ಆರ್‌ಪಿಎಂ ಹಳೆಯ ರೆಕಾರ್ಡುಗಳಾದರೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನವು, ಸ್ಪಿರಿಟ್‌ಗೆ ಕರಗುತ್ತವೆ. ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೀರಿನ ಗುಂಟ ಸುತ್ತಲೂ ಒರೆಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಎಲ್‌ಪಿಗೂ ಇದೇ ಸಾಕು. ಬೂಷ್ಟು ಹಿಡಿದ ಒಳಕವರ್ ಎಸೆದು ಹೊಸದು ಹಾಕಿ, ಇಲ್ಲದಿದ್ದರೆ ತಿಂಗಳೊಳಗೆ ಮತ್ತೆ ಹಿಡಿಯುತ್ತದೆ. 78 ರೆಕಾರ್ಡಿಗೆ ಎಲ್‌ಪಿ ಸೂಜಿ ಹಾಕಬೇಡಿ. ಅದರ ಗೀರು ಅಗಲ, ಸುಮಾರು 3 ಥೌ (ಇಂಚಿನ ಸಾವಿರದಲ್ಲಿ ಮೂರು ಪಾಲು) ತುದಿಯ ಬೇರೆ ಸೂಜಿಯೇ ಬೇಕು.