ಲೂಟಿಯಾದ ಕಂಚು ವಾಪಸ್ ಬಂದರೆ ಇಡೋದು ಯಾರ ಮನೆಯಲ್ಲಿ?

ವಸಾಹತು ಕಾಲದಲ್ಲಿ ಆಫ್ರಿಕಾದಿಂದ ಯುರೋಪಿಗೆ ಹೋದ ಕಲಾವಸ್ತುಗಳ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇನೆ.

ಜರ್ಮನಿ ಬೆನಿನ್ ಕಂಚುಗಳನ್ನು ನೈಜೀರಿಯಾಕ್ಕೆ ವಾಪಸ್ ಕೊಟ್ಟಿತು ಎಂದು ಓದಿದೆ. ಬ್ರಿಟಿಷ್ ಮ್ಯೂಸಿಯಂ ಮಾತ್ರ ಯಾಕೆ ಕೊಡುತ್ತಿಲ್ಲ? ಕಾನೂನು ಅಡ್ಡ ಬರುತ್ತದೆ ಅನ್ನುತ್ತಾರೆ. ಅದು ನಿಜವೋ, ನೆಪವೋ? (ಓದುಗರೊಬ್ಬರು, ಧಾರವಾಡ)

ನಿಜವೂ ಹೌದು, ನೆಪವೂ ಹೌದು.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರಕ್ಕೆ ನುಗ್ಗಿತು. ಅದು ಎಡೊ ಜನರ ರಾಜಧಾನಿ, ಈಗಿನ ನೈಜೀರಿಯಾದ ದಕ್ಷಿಣ ಭಾಗದಲ್ಲಿದೆ. ಅಲ್ಲಿನ ದೊರೆಗೆ ಓಬಾ ಎನ್ನುತ್ತಾರೆ. ಆಗಿನ ಓಬಾ ಒವೊನ್‌ರಾಮ್ವೆನ್ ಅವರನ್ನು ಕಲಬಾರ್‌ಗೆ ಗಡಿಪಾರು ಮಾಡಿದರು. 1914ರಲ್ಲಿ ಅವರು ಅಲ್ಲೇ ತೀರಿಕೊಂಡರು. ಅರಮನೆಯಲ್ಲಿದ್ದ ಹಿತ್ತಾಳೆ ಫಲಕಗಳು, ಎರಕದ ತಲೆಗಳು, ಆನೆದಂತದ ಕೆತ್ತನೆಗಳು ಸಾವಿರಾರು ಸಂಖ್ಯೆಯಲ್ಲಿ ಹಡಗು ಹತ್ತಿದವು. ಲೋಹ ಹೆಚ್ಚಾಗಿ ಹಿತ್ತಾಳೆಯೇ ಆದರೂ ಇವನ್ನೆಲ್ಲ ಸೇರಿಸಿ 'ಬೆನಿನ್ ಕಂಚುಗಳು' ಎನ್ನುತ್ತಾರೆ. ಒಂದಷ್ಟು ಅಧಿಕಾರಿಗಳ ಪೆಟ್ಟಿಗೆ ಸೇರಿತು, ಒಂದಷ್ಟು ಮಾರುಕಟ್ಟೆಗೆ ಹೋಯಿತು. ಬರ್ಲಿನ್, ಹ್ಯಾಂಬರ್ಗ್‌ನವರು ಕೊಂಡುಕೊಂಡಿದ್ದು ಹೀಗೆ. ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆನಿನ್‌ನ ಸುಮಾರು 900 ವಸ್ತುಗಳಿವೆ.

1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆಯ ಪ್ರಕಾರ ಟ್ರಸ್ಟಿಗಳು ಸಂಗ್ರಹದ ವಸ್ತುವನ್ನು ಮನಸ್ಸು ಬಂದ ಹಾಗೆ ಹೊರಗೆ ಕೊಡುವಂತಿಲ್ಲ. ಒಂದೇ ತರಹದ ಎರಡನೇ ಪ್ರತಿ ಇದ್ದರೆ, ಅಥವಾ ಇಟ್ಟುಕೊಳ್ಳಲು ಯೋಗ್ಯವಲ್ಲ ಅನಿಸಿದರೆ, ಹೀಗೆ ಕೆಲವೇ ವಿನಾಯಿತಿಗಳಿವೆ. ಇಷ್ಟು ನಿಜ.

ನೆಪ ಎನ್ನಲೂ ಕಾರಣಗಳಿವೆ. 1950ರಿಂದ 1972ರ ನಡುವೆ ಇದೇ ಮ್ಯೂಸಿಯಂ ಬೆನಿನ್‌ನ 30ಕ್ಕೂ ಹೆಚ್ಚು ಫಲಕಗಳನ್ನು 'ಎರಡನೇ ಪ್ರತಿ' ಎಂದು ಹೇಳಿ ಹೊರಗೆ ಕಳಿಸಿತು. ಕೊಂಡವರಲ್ಲಿ ನೈಜೀರಿಯಾ ಕೂಡ ಇತ್ತು! ತನ್ನ ಮನೆಯಿಂದ ಹೋದದ್ದಕ್ಕೆ ತಾನೇ ದುಡ್ಡು ತೆತ್ತು ತರಬೇಕಾಯಿತು. ಇನ್ನು ಸಂಸತ್ತಿಗೆ ಮನಸ್ಸಿದ್ದರೆ ಕಾನೂನು ಬದಲಾಗುತ್ತದೆ. ಮನುಷ್ಯರ ಅವಶೇಷಗಳನ್ನು ಹಿಂದಿರುಗಿಸಲು 2004ರಲ್ಲಿ ದಾರಿ ಮಾಡಿಕೊಟ್ಟರು. ನಾಜಿಗಳು ಕಸಿದ ಕಲಾಕೃತಿಗಳಿಗಾಗಿ 2009ರಲ್ಲಿ ಬೇರೆ ಕಾಯ್ದೆಯನ್ನೇ ತಂದರು. ಆಫ್ರಿಕಾದ ವಿಷಯಕ್ಕೆ ಆ ಮನಸ್ಸು ಇನ್ನೂ ಬಂದಿಲ್ಲ, ಅಷ್ಟೇ.

1963ರ ಕಾಯ್ದೆಯ ಹಿಡಿತಕ್ಕೆ ಸಿಗದ ಬ್ರಿಟಿಷ್ ಸಂಸ್ಥೆಗಳು ಕೊಟ್ಟೇಬಿಟ್ಟಿವೆ. ಕೇಂಬ್ರಿಜ್‌ನ ಜೀಸಸ್ ಕಾಲೇಜು, ಅಬರ್ಡೀನ್ ವಿಶ್ವವಿದ್ಯಾಲಯ 2021ರಲ್ಲಿ ಕೊಟ್ಟವು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 2022ರಲ್ಲಿ 72 ವಸ್ತುಗಳ ಮಾಲೀಕತ್ವ ಬಿಟ್ಟುಕೊಟ್ಟಿತು.

ದೊಡ್ಡ ಮ್ಯೂಸಿಯಂಗಳು ಹಿಡಿದಿರುವ ದಾರಿ 'ಕಡ ಕೊಡ್ತೀವಿ' ಅನ್ನುವುದು. 1874ರ ಯುದ್ಧದಲ್ಲಿ ಘಾನಾದ ಅಸಾಂಟೆ ರಾಜ್ಯದಿಂದ ಹೋದ ಚಿನ್ನದ ವಸ್ತುಗಳ ಕಥೆ ಹಾಗೇ ಆಯಿತು. ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿ 2024ರಲ್ಲಿ 32 ವಸ್ತುಗಳನ್ನು ಅಸಾಂಟೆ ರಾಜಧಾನಿ ಕುಮಾಸಿಯ ಅರಮನೆ ಮ್ಯೂಸಿಯಂಗೆ ಮೂರು ವರ್ಷದ ಮಟ್ಟಿಗೆ ಕಳಿಸಿದವು. ಅದೇ ವರ್ಷ ಅಮೆರಿಕದ ಫೌಲರ್ ಮ್ಯೂಸಿಯಂ ತನ್ನ ಬಳಿ ಇದ್ದ 7 ಅಸಾಂಟೆ ವಸ್ತುಗಳನ್ನು ಷರತ್ತಿಲ್ಲದೆ ಕೊಟ್ಟುಬಿಟ್ಟಿತು. ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಫ್ರಾನ್ಸ್ ಬೆನಿನ್‌ಗೆ 26 ವಸ್ತು ಕೊಟ್ಟಿದ್ದೂ ಇದೇ ಕಂಚುಗಳೇ? (ಓದುಗರೊಬ್ಬರು, ಶಿವಮೊಗ್ಗ)

ಅಲ್ಲ. ಹೆಸರು ಒಂದೇ ಆದ್ದರಿಂದ ಪತ್ರಿಕೆಗಳಲ್ಲೂ ಗೊಂದಲ ಆಗುತ್ತಿರುತ್ತದೆ. ಬೆನಿನ್ ನಗರ ಇರುವುದು ನೈಜೀರಿಯಾದಲ್ಲಿ. ಬೆನಿನ್ ದೇಶ ಅದರ ಪಕ್ಕದ್ದು, ಹಿಂದಿನ ದಾಹೋಮಿ, 1975ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಫ್ರಾನ್ಸ್ 2021ರ ನವೆಂಬರ್‌ನಲ್ಲಿ ಕೊಟ್ಟ 26 ವಸ್ತುಗಳು ಅಬೊಮೆ ಅರಮನೆಯವು, 1892ರಲ್ಲಿ ಫ್ರೆಂಚ್ ಸೈನ್ಯ ತೆಗೆದುಕೊಂಡು ಹೋದದ್ದು. ಅದಕ್ಕಾಗಿ 2020ರ ಡಿಸೆಂಬರ್‌ನಲ್ಲಿ ವಿಶೇಷ ಕಾಯ್ದೆಯನ್ನೇ ಮಾಡಿದರು.

ವಾಪಸ್ ಬಂದ ಕಂಚುಗಳಿಗಾಗಿ ಬೆನಿನ್ ನಗರದಲ್ಲಿ ಹೊಸ ಮ್ಯೂಸಿಯಂ ಕಟ್ಟಿದರು, ಉದ್ಘಾಟನೆಗೆ ಮುಂಚೆಯೇ ಜನ ನುಗ್ಗಿ ಗಲಾಟೆ ಮಾಡಿದರು ಅಂತ ಸುದ್ದಿ ನೋಡಿದೆ. ತಮ್ಮದೇ ವಸ್ತು ಬರುತ್ತಿರುವಾಗ ಅವರಿಗೆ ಕೋಪ ಯಾಕೆ? (ಓದುಗರೊಬ್ಬರು, ಮೈಸೂರು)

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. 'ಯುರೋಪು ಕೊಡಬೇಕಾ ಬೇಡವಾ' ಎಂಬ ವಾದದಲ್ಲಿ ನಾವು ಮರೆತುಬಿಡುವ ಸಂಗತಿ ಒಂದಿದೆ. ಕೊಡುವುದು ಎಂದಾದ ಮೇಲೆ ಯಾರ ಕೈಗೆ ಕೊಡಬೇಕು? ನೈಜೀರಿಯಾದಲ್ಲಿ ಇದಕ್ಕೆ ಮೂವರು ಹಕ್ಕುದಾರರಿದ್ದಾರೆ.

ಮೊದಲನೆಯದು ಕೇಂದ್ರ ಸರ್ಕಾರ. ರಾಷ್ಟ್ರೀಯ ಮ್ಯೂಸಿಯಂ ಮತ್ತು ಸ್ಮಾರಕಗಳ ಆಯೋಗ ಅದರ ಕೈಕೆಳಗಿದೆ. ಜರ್ಮನಿ 2022ರ ಜುಲೈಯಲ್ಲಿ 1,100ಕ್ಕೂ ಹೆಚ್ಚು ವಸ್ತುಗಳ ಒಪ್ಪಂದ ಮಾಡಿಕೊಂಡಿದ್ದು ನೈಜೀರಿಯಾ ದೇಶದ ಜೊತೆ. ಎರಡನೆಯದು ಎಡೊ ರಾಜ್ಯ ಸರ್ಕಾರ. ಆಗಿನ ಗವರ್ನರ್ ಗಾಡ್ವಿನ್ ಒಬಾಸೆಕಿ ಹೊಸ ಮ್ಯೂಸಿಯಂ ಯೋಜನೆಯ ಬೆನ್ನಿಗೆ ನಿಂತರು. ಜರ್ಮನಿ ಸೇರಿ ಹೊರದೇಶಗಳಿಂದ ಹಣ ಬಂತು, ಪ್ರಸಿದ್ಧ ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಅವರ ವಿನ್ಯಾಸ ಬಂತು. ಮೂರನೆಯವರು ಈಗಿನ ಓಬಾ, ಎರಡನೇ ಎವಾರೆ. 1897ರಲ್ಲಿ ಲೂಟಿಯಾದದ್ದು ಅವರ ಮುತ್ತಾತನ ತಂದೆಯ ಅರಮನೆ.

ನೈಜೀರಿಯಾ ಗಣರಾಜ್ಯ, ಓಬಾ ಅವರಿಗೆ ಸಂವಿಧಾನದಲ್ಲಿ ಆಡಳಿತದ ಅಧಿಕಾರ ಇಲ್ಲ. ಹಾಗಂತ ಎಡೊ ಜನರ ನಡುವೆ ಅವರ ಮಾತಿನ ತೂಕ ಕಡಿಮೆ ಆಗಿಲ್ಲ. 2021ರಲ್ಲೇ ಅವರು ಸ್ಪಷ್ಟವಾಗಿ ಹೇಳಿದ್ದರು: ವಸ್ತುಗಳು ಅರಮನೆಯವು, ಅರಮನೆಯ ರಾಜ ಮ್ಯೂಸಿಯಂಗೇ ಬರಬೇಕು. 2023ರ ಮಾರ್ಚಲ್ಲಿ ಅಧ್ಯಕ್ಷ ಬುಹಾರಿ ತಮ್ಮ ಅವಧಿ ಮುಗಿಯುವ ಹೊತ್ತಿಗೆ ಗೆಜೆಟ್ ಹೊರಡಿಸಿ, ಮಾಲೀಕ ಓಬಾ ಎಂದು ಘೋಷಿಸಿಬಿಟ್ಟರು. ಯುರೋಪಿನಲ್ಲಿ ಗದ್ದಲ ಎದ್ದಿತು. 'ಜನರಿಗೆ ಅಂತ ಕೊಟ್ಟೆವು, ಒಬ್ಬರ ಸ್ವತ್ತಾಯಿತಲ್ಲ' ಎಂದು ಜರ್ಮನ್ ಪತ್ರಿಕೆಗಳು ಬರೆದವು. ಕೇಂಬ್ರಿಜ್ ವಿಶ್ವವಿದ್ಯಾಲಯ ಆ ಮೇ ತಿಂಗಳಲ್ಲಿ ನಡೆಯಬೇಕಿದ್ದ ಹಸ್ತಾಂತರವನ್ನು ಮುಂದಕ್ಕೆ ಹಾಕಿತು.

ನನಗೆ ಈ ಆತಂಕ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಸಾಲಗಾರ ಹಣ ಹಿಂದಿರುಗಿಸುವಾಗ 'ಇದನ್ನು ಹೇಗೆ ಖರ್ಚು ಮಾಡ್ತೀಯ' ಎಂದು ಕೇಳಿದರೆ ಏನನಿಸುತ್ತದೆ?

ಅರಮನೆಯ ಕಡೆಯ ವಾದವನ್ನೂ ಪೂರ್ತಿ ನುಂಗಲು ಆಗುವುದಿಲ್ಲ. ಮ್ಯೂಸಿಯಂ ನಡೆಸಲು ತರಬೇತಿ ಪಡೆದ ಜನ ಬೇಕು, ಲೆಕ್ಕಪತ್ರ ಬೇಕು, ಕರೆಂಟು ಬೇಕು. ಇದನ್ನೆಲ್ಲ ಅರಮನೆಯೊಂದೇ ಹೊರುವುದು ಕಷ್ಟ. 2025ರಲ್ಲಿ ಅರಮನೆಗೂ ಆಯೋಗಕ್ಕೂ ಒಂದು ಒಪ್ಪಂದ ಆಯಿತು. ಮಾಲೀಕತ್ವ ಓಬಾ ಅವರದು, ನೋಡಿಕೊಳ್ಳುವ ಕೆಲಸ ಆಯೋಗದ್ದು. ಆ ಜೂನ್‌ನಲ್ಲಿ ನೆದರ್ಲೆಂಡ್ಸ್ 119 ವಸ್ತುಗಳನ್ನು ತಂದುಕೊಟ್ಟಾಗ ಪಡೆದುಕೊಂಡದ್ದೂ ಆಯೋಗವೇ.

ಈಗ ಗಲಾಟೆಗೆ ಬರೋಣ. ಒಬಾಸೆಕಿ ಅವರ ಯೋಜನೆ ಅಷ್ಟರಲ್ಲಿ 'ಪಶ್ಚಿಮ ಆಫ್ರಿಕಾ ಕಲಾ ಮ್ಯೂಸಿಯಂ' ಎಂಬ ಹೆಸರು ಪಡೆದಿತ್ತು. ತಾನು ಬೆನಿನ್ ಕಂಚುಗಳನ್ನು ಇಟ್ಟುಕೊಳ್ಳುತ್ತಿಲ್ಲ, ಸಂಶೋಧನೆಗೆ ಮತ್ತು ಇಂದಿನ ಕಲೆಗೆ ಇರುವ ಸಂಸ್ಥೆ ಎಂದೂ ಹೇಳುತ್ತಿತ್ತು. ಜನ ನಂಬಲಿಲ್ಲ. ಓಬಾ ಹೆಸರಲ್ಲಿ ಹೊರಗಿನಿಂದ ದುಡ್ಡು ಎತ್ತಿ, ಓಬಾ ಅವರನ್ನೇ ಬದಿಗೆ ಸರಿಸಿದರು ಎಂಬ ಸಿಟ್ಟು ಅವರಿಗೆ. 2025ರ ನವೆಂಬರ್‌ನಲ್ಲಿ, ಉದ್ಘಾಟನೆಗೆ ಇನ್ನೆರಡು ದಿನ ಇರುವಾಗ, ಪ್ರತಿಭಟನಾಕಾರರು ಆವರಣಕ್ಕೆ ನುಗ್ಗಿದರು. ಹೊರದೇಶದ ಅತಿಥಿಗಳನ್ನು ಕಾವಲಿನಲ್ಲಿ ಹೊರಗೆ ಕರೆದೊಯ್ಯಬೇಕಾಯಿತು. ಉದ್ಘಾಟನೆ ನಿಂತಿತು. ಒಬಾಸೆಕಿ ಅಧಿಕಾರದಿಂದ ಇಳಿದು ಒಂದು ವರ್ಷ ಆಗಿತ್ತು. ಹೊಸ ರಾಜ್ಯ ಸರ್ಕಾರ ಮ್ಯೂಸಿಯಂ ಪರ ನಿಲ್ಲಲಿಲ್ಲ.

ನನ್ನ ಪ್ರಕಾರ ಇಲ್ಲಿ ಎಡವಿದ್ದು ನೀತಿ. ಕಟ್ಟಡಕ್ಕೆ ದುಡ್ಡು ಹೊಂದಿಸಿದ್ದಾಯಿತು, ವಿನ್ಯಾಸ ತರಿಸಿದ್ದಾಯಿತು. ಯಾರದು ಎಂಬ ಮಾತುಕತೆ ಮೊದಲು ಆಗಬೇಕಿತ್ತು, ಅದು ಕೊನೆಗೆ ಬೀದಿಯಲ್ಲಿ ಆಯಿತು. ಕುಮಾಸಿಯಲ್ಲಿ ಇದೇ ತೊಡಕು ಅಷ್ಟಾಗಿ ಬರಲಿಲ್ಲ, ಯಾಕೆಂದರೆ ಅಲ್ಲಿ ಮಾತುಕತೆ ನಡೆದದ್ದೇ ಅಸಾಂಟೆ ದೊರೆಯ ಜೊತೆ.

ನಮ್ಮ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧ ಗೌರವಗಳಲ್ಲಿ 'ಅಬಿಸೀನಿಯಾ' ಎಂಬ ಹೆಸರಿದೆ. ಅಲ್ಲಿ ಏನು ನಡೆದಿತ್ತು? ಲೂಟಿಗೂ ಅದಕ್ಕೂ ಸಂಬಂಧ ಇದೆಯೇ? (ಓದುಗರೊಬ್ಬರು, ಹಲಸೂರು, ಬೆಂಗಳೂರು)

ಇದೆ. ಅಬಿಸೀನಿಯಾ ಅಂದರೆ ಇಥಿಯೋಪಿಯಾ. ಚಕ್ರವರ್ತಿ ತೆವೊಡ್ರೋಸ್ ಕೆಲವು ಯುರೋಪಿಯನ್ನರನ್ನು ಸೆರೆಯಲ್ಲಿ ಇಟ್ಟುಕೊಂಡಿದ್ದರು. ಅವರನ್ನು ಬಿಡಿಸಲು 1867-68ರಲ್ಲಿ ಬ್ರಿಟಿಷರು ಕಳಿಸಿದ ಸೈನ್ಯ ಹೊರಟಿದ್ದು ಬೊಂಬಾಯಿಯಿಂದ. ರಾಬರ್ಟ್ ನೇಪಿಯರ್ ಮುಖ್ಯಸ್ಥ. ಭಾರತೀಯ ಸಿಪಾಯಿಗಳು ಇದ್ದರು, ಇಲ್ಲಿಂದ ಒಯ್ದ 44 ಆನೆಗಳೂ ಇದ್ದವು. ರಸ್ತೆ, ಸೇತುವೆ ಕಟ್ಟುವ ಪಡೆಯಾದ, ಬೆಂಗಳೂರಿನಲ್ಲಿ ನೆಲೆ ಇದ್ದ ಮದ್ರಾಸ್ ಸ್ಯಾಪರ್ಸ್‌ನ ತುಕಡಿಗಳೂ ಹೋದವು. ಬೆಟ್ಟಗಾಡಿನಲ್ಲಿ ದಾರಿ ಮಾಡದೆ ಆ ಸೈನ್ಯ ಮುಂದಕ್ಕೆ ಹೋಗುವಂತೆಯೇ ಇರಲಿಲ್ಲ.

1868ರ ಏಪ್ರಿಲ್ 13ರಂದು ಮಕ್ದಾಲ ಕೋಟೆ ಬಿತ್ತು. ತೆವೊಡ್ರೋಸ್ ಗುಂಡು ಹಾರಿಸಿಕೊಂಡು ಸತ್ತರು. ಕೋಟೆಯನ್ನೂ ಪಕ್ಕದ ಚರ್ಚನ್ನೂ ದೋಚಿದರು. ದೋಚಿದ್ದನ್ನು ಇಳಿಸಲು 15 ಆನೆಗಳು, ಸುಮಾರು 200 ಹೇಸರಗತ್ತೆಗಳು ಬೇಕಾದವು ಎಂದು ದಾಖಲಾಗಿದೆ. ಆಮೇಲೆ ದಲಾಂತ ಬಯಲಿನಲ್ಲಿ ಎರಡು ದಿನ ಹರಾಜು ಹಾಕಿದರು. ಸೈನ್ಯದ ಜೊತೆ ಬ್ರಿಟಿಷ್ ಮ್ಯೂಸಿಯಂನ ರಿಚರ್ಡ್ ಹೋಮ್ಸ್ ಕೂಡ ಹೋಗಿದ್ದರು. ಯುದ್ಧಕ್ಕೆ ಮ್ಯೂಸಿಯಂನವರನ್ನು ಕರೆದುಕೊಂಡು ಹೋದರೆ ಏನರ್ಥ, ನೀವೇ ಹೇಳಿ. ಸುಮಾರು 350 ಹಸ್ತಪ್ರತಿಗಳು ಲಂಡನ್ ಸೇರಿದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇದರಲ್ಲಿ ವಿಚಿತ್ರವಾದದ್ದು 'ತಾಬೋತ್'ಗಳ ಕಥೆ. ಇಥಿಯೋಪಿಯಾದ ಪ್ರತಿ ಆರ್ಥೊಡಾಕ್ಸ್ ಚರ್ಚಿನ ಒಳಗೂ ಮರದ ಅಥವಾ ಕಲ್ಲಿನ ಪವಿತ್ರ ಹಲಗೆ ಇರುತ್ತದೆ. ಅದಿಲ್ಲದೆ ಚರ್ಚು ಚರ್ಚೇ ಅಲ್ಲ. ಪಾದ್ರಿಗಳ ಹೊರತು ಯಾರೂ ಅದನ್ನು ನೋಡುವಂತಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ 11 ಇವೆ. ಇಥಿಯೋಪಿಯಾದ ಚರ್ಚಿನ ಮಾತಿಗೆ ಬೆಲೆ ಕೊಟ್ಟು ಮ್ಯೂಸಿಯಂ ಅವನ್ನು ಪ್ರದರ್ಶಿಸುವುದಿಲ್ಲ, ಅಲ್ಲಿನ ಸಿಬ್ಬಂದಿಯೂ ನೋಡುವುದಿಲ್ಲ. ಯಾರೂ ನೋಡದ, ಯಾರೂ ಅಧ್ಯಯನ ಮಾಡದ ವಸ್ತುವನ್ನು ಮ್ಯೂಸಿಯಂ ಇಟ್ಟುಕೊಂಡಿದೆ! 'ಇಟ್ಟುಕೊಳ್ಳಲು ಯೋಗ್ಯವಲ್ಲ' ಎಂಬ 1963ರ ವಿನಾಯಿತಿ ಇದಕ್ಕೆ ಸರಿಹೊಂದುತ್ತದೆ ಎಂದು ವಾದಿಸುವವರಿದ್ದಾರೆ. ನಾನೂ ಆ ಗುಂಪಿನವನೇ. ಎಡಿನ್‌ಬರೋದ ಒಂದು ಚರ್ಚಿನ ಬೀರುವಿನಲ್ಲಿ ಸಿಕ್ಕ ತಾಬೋತನ್ನು ಅಲ್ಲಿನವರು 2002ರಲ್ಲಿ ಸುಮ್ನೆ ವಾಪಸ್ ಕೊಟ್ಟರು, ಆಕಾಶವೇನೂ ಕಳಚಿ ಬೀಳಲಿಲ್ಲ.

ಬೇಸರ ಮಾಡಿಕೊಳ್ಳಬೇಡಿ ಸರ್. ಯುದ್ಧ, ಭ್ರಷ್ಟಾಚಾರ ಇರುವ ಕಡೆ ಇವೆಲ್ಲ ಉಳಿಯುತ್ತವಾ? ಲಂಡನ್ನಲ್ಲೇ ಸುರಕ್ಷಿತ ಅಲ್ವಾ? (ಓದುಗರೊಬ್ಬರು, ಹುಬ್ಬಳ್ಳಿ)

ಬೇಸರ ಯಾಕೆ, ಕೇಳಬೇಕಾದ ಪ್ರಶ್ನೆಯೇ. ಅಪಾಯ ಇಲ್ಲ ಎಂದರೆ ಸುಳ್ಳಾಗುತ್ತದೆ. 2023ರಲ್ಲಿ ಯುದ್ಧ ಶುರುವಾದ ಮೇಲೆ ಖಾರ್ಟೂಮಿನ ಸುಡಾನ್ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯಿತು. 1973ರಲ್ಲಿ ನೈಜೀರಿಯಾದ ಆಗಿನ ಸೇನಾ ಆಡಳಿತಗಾರ ಯಾಕುಬು ಗೋವೊನ್ ಲಾಗೋಸ್ ಮ್ಯೂಸಿಯಂನಿಂದಲೇ ಒಂದು ಬೆನಿನ್ ತಲೆಯನ್ನು ತರಿಸಿಕೊಂಡು ರಾಣಿ ಎಲಿಜಬೆತ್‌ಗೆ ಉಡುಗೊರೆ ಕೊಟ್ಟರು. ಅದು ಪ್ರತಿಕೃತಿ ಎಂದೇ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. ಅಸಲಿ ಎಂದು ಆಮೇಲೆ ಗೊತ್ತಾಯಿತು.

ಲಂಡನ್ ಸುರಕ್ಷಿತ ಎಂಬ ಮಾತು ಮಾತ್ರ 2023ರ ಆಗಸ್ಟ್‌ನಿಂದ ಅಷ್ಟು ಜೋರಾಗಿ ಕೇಳುತ್ತಿಲ್ಲ. ಬ್ರಿಟಿಷ್ ಮ್ಯೂಸಿಯಂನ ಉಗ್ರಾಣದಿಂದ ಸುಮಾರು 2,000 ವಸ್ತುಗಳು ಕಳುವಾಗಿದ್ದವು ಅಥವಾ ಹಾಳಾಗಿದ್ದವು ಎಂದು ಆಗ ಹೊರಬಿತ್ತು. ಇನ್ನೊಂದು ಕಡೆ ಮಾಲಿ ದೇಶವನ್ನು ನೋಡಿ. 2012ರಲ್ಲಿ ಟಿಂಬಕ್ಟು ಉಗ್ರರ ಕೈಗೆ ಹೋದಾಗ ಊರಿನ ಮನೆತನಗಳು, ಗ್ರಂಥಪಾಲಕರು ಸೇರಿ ಹಳೆಯ ಹಸ್ತಪ್ರತಿಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಗಡಿನ ಟ್ರಂಕುಗಳಲ್ಲಿ ತುಂಬಿದರು. ರಸ್ತೆಯಲ್ಲಿ, ನೈಜರ್ ನದಿಯ ದೋಣಿಗಳಲ್ಲಿ ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಉಗ್ರರು ಓಡಿಹೋಗುವಾಗ ಸುಟ್ಟದ್ದು ಕೆಲವು ಸಾವಿರ ಮಾತ್ರ. 2025ರ ಆಗಸ್ಟ್‌ನಲ್ಲಿ ಅವನ್ನು ಟಿಂಬಕ್ಟುಗೆ ಮರಳಿಸುವ ಕೆಲಸ ಶುರುವಾಗಿದೆ.

ನೋಡಲು ಜನ ಬರುತ್ತಾರಾ ಎಂದೂ ಕೆಲವರು ಕೇಳಿದ್ದೀರಿ. ಫ್ರಾನ್ಸ್ ಕೊಟ್ಟ ಆ 26 ವಸ್ತುಗಳನ್ನು 2022ರಲ್ಲಿ ಬೆನಿನ್ ದೇಶದ ಕೊಟೊನೂ ನಗರದ ಅಧ್ಯಕ್ಷರ ಅರಮನೆಯಲ್ಲಿ ಪ್ರದರ್ಶನಕ್ಕೆ ಇಟ್ಟಾಗ 2 ಲಕ್ಷಕ್ಕೂ ಹೆಚ್ಚು ಜನ ಬಂದರು.

ಈ ಎರಕದ ಕಲೆ ಈಗಲೂ ಉಳಿದಿದೆಯೇ? ನಾವು ಇಲ್ಲಿಂದ ನೋಡುವ ದಾರಿ ಇದೆಯೇ? (ಕಲಾ ವಿದ್ಯಾರ್ಥಿನಿ, ಕಲಬುರಗಿ)

ಚೆನ್ನಾಗಿ ಉಳಿದಿದೆಯಮ್ಮ. ಬೆನಿನ್ ನಗರದ ಇಗುನ್ ಬೀದಿಗೆ ಹೋದರೆ ಎರಕದವರ ಅಂಗಡಿಗಳು ಸಾಲಾಗಿ ಸಿಗುತ್ತವೆ. ಮಣ್ಣಿನ ತಿರುಳಿನ ಮೇಲೆ ಮೇಣದಲ್ಲಿ ರೂಪ ತಿದ್ದಿ, ಮೇಲೆ ಮತ್ತೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಹಿತ್ತಾಳೆ ಹೊಯ್ಯುವುದು. ಹಿಂದೆ ಈ ಪಂಗಡದವರು ಓಬಾ ಅಪ್ಪಣೆ ಇಲ್ಲದೆ ಎರಕ ಹೊಯ್ಯುವಂತಿರಲಿಲ್ಲ. ಈಗ ಯಾರು ಬೇಕಾದರೂ ಕೊಳ್ಳಬಹುದು.

ಲೋಹದ ಬಗ್ಗೆ ಒಂದು ಮಾತು. ಹಳೆಯ ಕಂಚುಗಳ ಲೋಹದಲ್ಲಿ ಬಹುಪಾಲು ಪೋರ್ಚುಗೀಸರು ತಂದ 'ಮನಿಲ್ಲಾ' ಎಂಬ ಹಿತ್ತಾಳೆ ಬಳೆಗಳಿಂದ ಬಂದದ್ದು. ಅದರ ಮೂಲ ಜರ್ಮನಿಯ ರೈನ್ ಪ್ರದೇಶ ಎಂದು 2023ರ ಒಂದು ಅಧ್ಯಯನ ತೋರಿಸಿತು. ಆ ಬಳೆ ಕೊಟ್ಟು ಮೆಣಸು, ದಂತ ಮಾತ್ರ ಅಲ್ಲ, ಗುಲಾಮರನ್ನೂ ಕೊಳ್ಳುತ್ತಿದ್ದರು. ಹಾಗಾಗಿ ಅಮೆರಿಕದಲ್ಲಿ ಗುಲಾಮರ ವಂಶಸ್ಥರ ಒಂದು ಗುಂಪು 'ನಮಗೂ ಪಾಲಿದೆ' ಎಂದು 2022ರಲ್ಲಿ ಅಲ್ಲಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆಯ ಹಸ್ತಾಂತರದ ವಿರುದ್ಧ ಕೋರ್ಟಿಗೆ ಹೋಯಿತು. ಕೋರ್ಟು ತಡೆಯಲಿಲ್ಲ, 29 ವಸ್ತುಗಳು ನೈಜೀರಿಯಾದ ಪಾಲಾದವು. ಆದರೂ ಮೇಲೆ ಹೇಳಿದ ಮೂವರು ಹಕ್ಕುದಾರರ ಪಟ್ಟಿಗೆ ಇವರನ್ನು ನಾಲ್ಕನೆಯವರಾಗಿ ಸೇರಿಸಬೇಕೋ ಬೇಡವೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಇಲ್ಲಿಂದಲೇ ನೋಡಲು 'ಡಿಜಿಟಲ್ ಬೆನಿನ್' ಎಂಬ ವೆಬ್‌ಸೈಟ್ ಇದೆ, ಉಚಿತ. 2022ರ ನವೆಂಬರ್‌ನಲ್ಲಿ ಶುರುವಾಯಿತು. 20 ದೇಶಗಳ 131 ಸಂಸ್ಥೆಗಳಲ್ಲಿ ಚದುರಿರುವ 5,000ಕ್ಕೂ ಹೆಚ್ಚು ವಸ್ತುಗಳನ್ನು ಒಂದೇ ಕಡೆ ಸೇರಿಸಿದ್ದಾರೆ. ಎಡೊ ಭಾಷೆಯ ಹೆಸರುಗಳ ಪಟ್ಟಿಯೂ ಇದೆ, ಅಲ್ಲಿಂದಲೇ ಶುರು ಮಾಡಿ. ಮ್ಯೂಸಿಯಂಗಳು ಬರೆದ ವಿವರಕ್ಕಿಂತ ಆ ಹೆಸರುಗಳು ವಸ್ತುವಿನ ಬಳಕೆಯನ್ನು ಬೇಗ ತಿಳಿಸುತ್ತವೆ. ಫಲಕಗಳನ್ನು ನೋಡುವಾಗ ಚಿತ್ರ ದೊಡ್ಡದು ಮಾಡಿ ಹಿನ್ನೆಲೆಯ ಎಲೆಯಾಕಾರದ ಗೀರುಗಳನ್ನು ಗಮನಿಸಿ. ನಿಮ್ಮಂಥ ಎರಕ ಕಲಿಯುವವರಿಗೆ ಅಲ್ಲಿ ಬೇಕಾದಷ್ಟು ಕೆಲಸ ಸಿಗುತ್ತದೆ.