ಗಿಟಾರಿಗೆ ವೈರ್‌ಲೆಸ್: 2.4 ಬೇಕಾ 5.8 ಬೇಕಾ ಅನ್ನುವ ಮೊದಲು, ರಿಸೀವರ್ ಎಲ್ಲಿಡ್ತೀರಿ?

ಗಾನಮೇಳದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತೀರಿ, ಕೇಬಲ್ ಕಾಲಿಗೆ ಸಿಕ್ಕಿ ಸಾಕಾಗಿದೆ, ಸ್ಟೇಜಿನಿಂದ ಇಳಿದು ಜನರ ಮಧ್ಯೆ ಹೋಗಿ ನುಡಿಸಬೇಕು, ಡಿಜಿಟಲ್ ವೈರ್‌ಲೆಸ್‌ನಲ್ಲಿ 2.4 ಗಿಗಾಹರ್ಟ್ಸ್‌ದು ತಗೊಳ್ಳಲಾ 5.8ದು ತಗೊಳ್ಳಲಾ ಅಂತ ಕೇಳಿದ್ದೀರಿ. ಆ ಇಳಿದು ಹೋಗುವ ಆಸೆ ಇದೆಯಲ್ಲ, ಅದು ನನ್ನ ಒಂದು ಸೀಸನ್ನನ್ನೂ ಒಬ್ಬ ಗೆಳೆಯನನ್ನೂ ಕಿತ್ತುಕೊಂಡಿತ್ತು. ಅದನ್ನೇ ಮೊದಲು ಹೇಳ್ತೇನೆ.

2019ರ ಫೆಬ್ರವರಿ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಒಂದು ಕ್ಲಬ್ಬಿನ ವಾರ್ಷಿಕೋತ್ಸವ. ಕೊಯ್ಲು ಮುಗಿದ ಗದ್ದೆ, ನಾಲ್ಕಡಿ ಎತ್ತರದ ಸ್ಟೇಜ್, ಹಿಂದೆ ಎಲ್‌ಇಡಿ ವಾಲ್. ಅದಕ್ಕೆ ಎರಡು ವಾರ ಮೊದಲು ನಾನು 2.4ರ ಒಂದು ಸಣ್ಣ ಜೋಡಿ ತಂದಿದ್ದೆ. ಬೆರಳುದ್ದದ ಟ್ರಾನ್ಸ್‌ಮಿಟರ್ ಗಿಟಾರಿನ ಜ್ಯಾಕಿಗೆ, ಅಂಥದ್ದೇ ರಿಸೀವರ್ ಪೆಡಲ್‌ಬೋರ್ಡಿಗೆ, ಅಂದರೆ ಕಾಲಲ್ಲಿ ಒತ್ತುವ ಇಫೆಕ್ಟ್ ಪೆಡಲ್‌ಗಳನ್ನು ಜೋಡಿಸಿದ ಹಲಗೆಗೆ. ಡಬ್ಬದ ಮೇಲೆ 30 ಮೀಟರ್ ಅಂತ ಬರೆದಿತ್ತು. ಸಂಜೆ 4 ಗಂಟೆಗೆ ಸೌಂಡ್ ಚೆಕ್. ನಾನು ನುಡಿಸುತ್ತಾ ಸ್ಟೇಜಿನಿಂದ ಇಳಿದೆ, ಮಿಕ್ಸರ್ ಟೇಬಲ್ ದಾಟಿದೆ, ಗದ್ದೆಯ ಆಚೆ ಅಂಚಿನ ತೆಂಗಿನಮರದ ಬುಡದವರೆಗೆ ಹೋದೆ. ಒಂದು ಸ್ವರವೂ ಕಡಿಯಲಿಲ್ಲ. ಅಲ್ಲಿಂದಲೇ ಕೈ ಎತ್ತಿ ತೋರಿಸಿದೆ. ಮಿಕ್ಸರಿನಲ್ಲಿದ್ದವನು ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ಅವನೂ ಕೈ ಎತ್ತಿದ.

ಮಕ್ಕಳ ಡ್ಯಾನ್ಸ್, ಸಭಾ ಕಾರ್ಯಕ್ರಮ, ಸನ್ಮಾನ ಎಲ್ಲ ಮುಗಿದು ನಮ್ಮ ಪಾಳಿ ಬರುವಾಗ ರಾತ್ರಿ ಹತ್ತೂವರೆ. ಐದನೆಯ ಹಾಡು ತುಳುವಿನದ್ದು, ಜೋರು ಬೀಟ್. ಜನ ಕುರ್ಚಿ ಬಿಟ್ಟು ಎದ್ದರು. ಸೋಲೋ ಬಂತು. ನಾನು ಮೆಟ್ಟಿಲು ಇಳಿದು ಹುಡುಗರ ನಡುವೆ ಹತ್ತು ಹೆಜ್ಜೆ ಹೋದೆ. ಗಿಟಾರ್ ನಿಂತಿತು.

ಗೊರಗೊರ ಇಲ್ಲ, ಸದ್ದು ಸಣ್ಣದಾಗುವುದೂ ಇಲ್ಲ. ಡಿಜಿಟಲ್ ಹಾಗೆಯೇ, ಇದ್ದರೆ ಪೂರ್ತಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ನಾನು ಮಿಕ್ಸರ್ ಕಡೆ ನೋಡಿ ಕೈ ಮಾಡಿದೆ. ಇಲ್ಲ. ಸ್ಟೇಜ್ ಕಡೆ ತಿರುಗಿದೆ, ಬಂತು. ಮತ್ತೆ ಮಿಕ್ಸರ್ ಕಡೆ ತಿರುಗಿದೆ, ಹೋಯಿತು. ಮೂರು ಸಲ ಹೀಗೇ ಆಯಿತು. ಅವನೇ ಬೇಕೆಂದು ನನ್ನ ಚಾನೆಲ್ ಮ್ಯೂಟ್ ಮಾಡುತ್ತಿದ್ದಾನೆ ಅಂತ ನನಗೆ ಖಾತ್ರಿಯಾಯಿತು. ಹಾಡು ಮುಗಿಯುವುದಕ್ಕೂ ಕಾಯದೆ ಅವನ ಟೇಬಲ್ ಹತ್ತಿರ ಹೋಗಿ, ಅಷ್ಟು ಜನರ ಎದುರು ಬಾಯಿಗೆ ಬಂದಂತೆ ಬೈದೆ. ಅವನು ಸದ್ದು ಏರಿಳಿಸುವ ಫೇಡರಿನಿಂದ ಎರಡೂ ಕೈ ತೆಗೆದು ಮೇಲೆತ್ತಿ ತೋರಿಸಿದ. ಫೇಡರ್ ಇದ್ದಲ್ಲೇ ಇತ್ತು, ಆದರೂ ನಾನು ನಂಬಲಿಲ್ಲ.

ನಮ್ಮ ಕಡೆ ಕಾರ್ಯಕ್ರಮ ಬರುವುದು ಸೌಂಡಿನವರ ಬಾಯಿಂದಲೇ ಅಲ್ವಾ? ಕ್ಲಬ್ಬಿನವರು ಮೊದಲು ಮೈಕಿನವರನ್ನು ಗೊತ್ತು ಮಾಡ್ತಾರೆ, ಮತ್ತೆ ಅವರ ಹತ್ತಿರವೇ "ಯಾರನ್ನು ಕರೆಯುವುದು" ಅಂತ ಕೇಳ್ತಾರೆ. ಆ ವರ್ಷ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ಸೀಸನ್ ಮುಗಿಯುವವರೆಗೆ, ನನಗೆ ಒಂದು ಫೋನೂ ಬರಲಿಲ್ಲ.

ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಇದನ್ನೇ ಯಾರೂ ಹೇಳುವುದಿಲ್ಲ. ನಾನು ಖಾಲಿ ಗದ್ದೆಯಲ್ಲಿ ಚೆಕ್ ಮಾಡಿದ್ದೆ. ರಿಸೀವರ್ ನೆಲದ ಮೇಲಿತ್ತು.

2.4 ಗಿಗಾಹರ್ಟ್ಸ್ ಅಲೆಗೆ ದೊಡ್ಡ ಶತ್ರು ನೀರು. ಮೈಕ್ರೋವೇವ್ ಓವನ್ ಅನ್ನ ಬಿಸಿ ಮಾಡುವುದೂ 2.45ರ ಅಲೆಯಲ್ಲೇ, ಅನ್ನದಲ್ಲಿರುವ ನೀರು ಅದನ್ನು ಹೀರುತ್ತದೆ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಆ ಅಲೆಯ ಉದ್ದ 12 ಸೆಂಟಿಮೀಟರ್ ಚಿಲ್ಲರೆ, ನಮ್ಮ ಎದೆಯಗಲವನ್ನು ಬಳಸಿಕೊಂಡು ಆಚೆ ಹೋಗುವುದು ಅದಕ್ಕೆ ಕಷ್ಟ. ಈಗ ಲೆಕ್ಕ ಹಾಕಿ. ನಾನು ಜನರ ಕಡೆ ಮುಖ ಮಾಡಿದಾಗ ಟ್ರಾನ್ಸ್‌ಮಿಟರ್ ನನ್ನ ಹೊಟ್ಟೆಯ ಮುಂದೆ, ರಿಸೀವರ್ ಬೆನ್ನ ಹಿಂದೆ. ನಡುವೆ ನಾನೇ. ನನ್ನ ಹಿಂದೆ ಕುಣಿಯುವ ಹುಡುಗರು. ಅವರ ಹಿಂದೆ ಸ್ಟೇಜಿನ ಅಂಚು, ಮಾನಿಟರ್ ಬಾಕ್ಸು. ಅದರ ಮರೆಯಲ್ಲಿ ನೆಲಕ್ಕಂಟಿದ ಪೆಡಲ್‌ಬೋರ್ಡ್. ಮಿಕ್ಸರ್ ಇದ್ದದ್ದು ಜನರ ನಡುವೆ. ಹಾಗಾಗಿ ಅವನತ್ತ ತಿರುಗಿದಾಗಲೆಲ್ಲ ನನ್ನ ಮೈಯೇ ಅಡ್ಡ ಬರುತ್ತಿತ್ತು, ಸ್ಟೇಜ್ ಕಡೆ ತಿರುಗಿದರೆ ದಾರಿ ತೆರೆಯುತ್ತಿತ್ತು. 4 ಗಂಟೆಗೆ ಗದ್ದೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್‌ಇಡಿ ವಾಲ್ ಆಫ್. ಲೈವ್ ಕೊಡುವವರ ವೈಫೈ ರೂಟರ್ ಬಂದೇ ಇರಲಿಲ್ಲ. ರಾತ್ರಿ ಇವೆಲ್ಲ ಇದ್ದವು, ನೂರಾರು ಜೇಬಿನಲ್ಲಿ ವೈಫೈ, ಬ್ಲೂಟೂತ್ ಹುಡುಕುವ ಫೋನುಗಳೂ ಇದ್ದವು. ರೂಟರು, ಫೋನು ಎರಡೂ ಇದೇ 2.4ರ ಬ್ಯಾಂಡಿನಲ್ಲಿ ಓಡಾಡುವಂಥವು. ಡಬ್ಬದ ಮೇಲಿನ 30 ಮೀಟರ್ ಸುಳ್ಳಲ್ಲ. ಅದು ಖಾಲಿ ಗದ್ದೆಯ 30 ಮೀಟರ್.

ಇದು ನನಗೆ ಗೊತ್ತಾದದ್ದು ನಾಲ್ಕು ದಿನ ಬಿಟ್ಟು, ನಮ್ಮ ಮನೆಯ ಅಂಗಳದಲ್ಲಿ. ಒಣಗಲು ಹಾಕಿದ್ದ ಅಡಿಕೆಯ ಬದಿಯಲ್ಲಿ ನೆಲದ ಮೇಲೆ ರಿಸೀವರ್ ಇಟ್ಟು ಆಂಪ್ ಹಾಕಿದೆ. ಹನ್ನೆರಡು ಹೆಜ್ಜೆ ದೂರ ನಿಂತು ಅದರ ಕಡೆ ಮುಖ ಮಾಡಿದೆ, ಸರಿ ಇತ್ತು. ಬೆನ್ನು ಹಾಕಿದೆ, ಅಲ್ಲಲ್ಲಿ ಕಡಿಯಿತು. ತಮ್ಮನನ್ನೂ ಅಡಿಕೆ ಸುಲಿಯಲು ಬಂದಿದ್ದ ಐದು ಜನರನ್ನೂ ಬೆನ್ನ ಹಿಂದೆ ಒತ್ತಾಗಿ ನಿಲ್ಲಿಸಿದೆ. ಪೂರ್ತಿ ನಿಂತಿತು. ಯಾರೂ ಕದಲಬೇಡಿ ಅಂತ ಹೇಳಿ, ರಿಸೀವರನ್ನು ಜಗಲಿಯ ಕಂಬಕ್ಕೆ ತಲೆಗಿಂತ ಮೇಲೆ ಕಟ್ಟಿದೆ. ಸ್ವರ ವಾಪಸ್ ಬಂತು. ಕೈಯಲ್ಲಿ ಗಿಟಾರ್ ಹಿಡಿದುಕೊಂಡು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟೆ. ಅವನ ಮೇಲೆತ್ತಿದ ಎರಡು ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು.

ಈಗ ನಿಮ್ಮ ಪ್ರಶ್ನೆ. 2.4ಆ 5.8ಆ ಅನ್ನುವುದು ನಿಮ್ಮ ತೊಂದರೆಯೇ ಅಲ್ಲ. 5.8ರಲ್ಲಿ ಗದ್ದಲ ಕಡಿಮೆ, ಹೌದು. ಆದರೆ ಅದರ ಅಲೆ ಇನ್ನೂ ಗಿಡ್ಡ, 5 ಸೆಂಟಿಮೀಟರ್ ಆಸುಪಾಸು. ಮೈ ಅಡ್ಡ ಬಂದರೆ ಇನ್ನೂ ಬೇಗ ಸೋಲುತ್ತದೆ. ಜನರ ನಡುವೆ ಹೋಗಬೇಕು ಅನ್ನುವವರಿಗೆ 5.8 ಮದ್ದಲ್ಲ. ಯಾವುದನ್ನೇ ತಗೊಳ್ಳಿ, ರಿಸೀವರ್ ಎತ್ತರದಲ್ಲಿರಲಿ, ನಿಮ್ಮ ಕಣ್ಣಿಗೆ ಕಾಣುವಲ್ಲಿರಲಿ, ರೂಟರ್ ಮತ್ತು ಎಲ್‌ಇಡಿ ವಾಲಿನಿಂದ ದೂರ ಇರಲಿ. ಅದರಿಂದ ಪೆಡಲ್‌ಬೋರ್ಡಿಗೆ 3 ಮೀಟರ್ ಕೇಬಲ್ ಎಳೆದರೆ ಆಯಿತು. ರಿಸೀವರ್ ಪೆಡಲ್‌ಬೋರ್ಡಿನಲ್ಲೇ ಇರಬೇಕು ಅಂತ ಕಾನೂನೇನಿಲ್ಲ.

ಕೇಬಲ್ ಕಾಲಿಗೆ ಸಿಗುವುದೊಂದೇ ತೊಂದರೆ ಆದರೆ ವೈರ್‌ಲೆಸ್ ಬೇಡವೇ ಬೇಡ. ಕೇಬಲನ್ನು ಸ್ಟ್ರಾಪಿನ ಒಳಗಿಂದ ಒಂದು ಸುತ್ತು ತಂದು ಜ್ಯಾಕಿಗೆ ಹಾಕಿ, ಉಳಿದದ್ದನ್ನು ಬೆನ್ನ ಹಿಂದೆ ಬಿಡಿ. ತುಳಿದರೂ ಕಳಚುವುದಿಲ್ಲ.

ಸ್ವರ ತಡವಾಗುತ್ತದೆ ಅಂತ ಹೆದರಿಸುವವರ ಮಾತು ಬಿಡಿ. ಬಾಸ್ (Boss) ಕಂಪನಿಯ ಡಬ್ಲ್ಯೂಎಲ್ ಸಾಲಿನ ವೈರ್‌ಲೆಸ್‌ನಲ್ಲಿ ತಡ 2.3 ಮಿಲಿಸೆಕೆಂಡ್. ಆಂಪಿನಿಂದ ಒಂದು ಮೀಟರ್ ದೂರ ನಿಂತರೆ ಗಾಳಿಯಲ್ಲಿ ಸದ್ದು ಬರಲಿಕ್ಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ಟೋನ್ ಮಾತ್ರ ಬದಲಾಗುತ್ತದೆ, ಅದು ನಿಜ. ಕೇಬಲಿಗೆ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಇರುತ್ತದೆ, ಅದು ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಚೂಪನ್ನು ಸ್ವಲ್ಪ ಮೊಂಡು ಮಾಡುತ್ತದೆ. ವೈರ್‌ಲೆಸ್‌ನಲ್ಲಿ ಆ ಮೊಂಡು ಇಲ್ಲ, ಹಾಗಾಗಿ ಗಿಟಾರ್ ಚುರುಕಾಗಿ, ಕೆಲವೊಮ್ಮೆ ಕಿವಿಗೆ ಚುಚ್ಚುವ ಹಾಗೆ ಕೇಳುತ್ತದೆ. ಬಾಸ್‌ನವರು ಇದಕ್ಕೆಂದೇ ಡಬ್ಲ್ಯೂಎಲ್-20ರಲ್ಲಿ ಕೇಬಲಿನ ಟೋನ್ ಸೇರಿಸಿದ್ದಾರೆ, ಡಬ್ಲ್ಯೂಎಲ್-20ಎಲ್‌ನಲ್ಲಿ ಅದು ಇಲ್ಲ. ಹಳೆ ಮಾದರಿಯ ಫಜ್ ಪೆಡಲ್ (ಸ್ವರವನ್ನು ಒರಟಾಗಿಸುವ ಪೆಡಲ್) ಇದ್ದರೆ ವೈರ್‌ಲೆಸ್ ಜೊತೆ ಅದು ಬಡಕಲಾಗಿ ಕೇಳುತ್ತದೆ. ಅದಕ್ಕೆ ಪಿಕಪ್ ನೇರ ಸಿಗಬೇಕು. ನಿಮ್ಮ ಗಿಟಾರ್ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯದ್ದಾದರೆ ತಗ್ಗಿನಲ್ಲಿರುವ ಆ ಜ್ಯಾಕಿಗೆ ಕೆಲವು ಟ್ರಾನ್ಸ್‌ಮಿಟರ್ ಕೂರುವುದೇ ಇಲ್ಲ. ಗಿಟಾರ್ ತಗೊಂಡೇ ಅಂಗಡಿಗೆ ಹೋಗಿ.

ಸೌಂಡ್ ಚೆಕ್ಕಿಗೆ ಕ್ಲಬ್ಬಿನ ಹುಡುಗರನ್ನು ಹತ್ತು ಜನ ಕರೆಯಿರಿ. ನಿಮ್ಮ ಸುತ್ತ ಒತ್ತಾಗಿ ನಿಲ್ಲಿಸಿ. ಎಲ್‌ಇಡಿ ವಾಲ್ ಆನ್ ಮಾಡಿಸಿ, ಲೈವ್‌ನವರ ರೂಟರನ್ನೂ. ಮತ್ತೆ ಸ್ಟೇಜಿಗೆ ಬೆನ್ನು ಹಾಕಿ ನುಡಿಸಿ. ಎಲ್ಲಿ ಕಡಿಯುತ್ತದೋ ಅಲ್ಲಿ ಒಂದು ಇಟ್ಟಿಗೆ ಇಡಿ, ರಾತ್ರಿ ಅದಕ್ಕಿಂತ ಅರ್ಧದಷ್ಟೇ ದೂರ ಹೋಗಿ. ಚೆಕ್ ಮುಗಿದ ಕೂಡಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಸಣ್ಣವುಗಳಲ್ಲಿ ಹಲವುಗಳ ಬ್ಯಾಟರಿ ನಾಲ್ಕೈದು ಗಂಟೆಯದ್ದು, ನಮ್ಮ ಕಡೆಯ ಭಾಷಣಗಳು ಅದಕ್ಕಿಂತ ಉದ್ದ. ಆಂಪಿನ ಮೇಲೆ ಒಂದು ಕೇಬಲ್ ಸುತ್ತಿ ಇಟ್ಟಿರಿ.

ಸ್ಟೇಜಿನಲ್ಲಿ ಸ್ವರ ನಿಂತರೆ ಮೊದಲು ನಿಮ್ಮ ಕೈಯಲ್ಲಿರುವುದನ್ನು ಅನುಮಾನಿಸಿ, ಮಿಕ್ಸರಿನಲ್ಲಿ ಕೂತವನನ್ನಲ್ಲ.

ನಾನು ಅವನ ಮನೆಗೆ ಹೋದದ್ದು ಜೂನಿನಲ್ಲಿ, ಜಡಿಮಳೆ. ನಾಲ್ಕು ತಿಂಗಳು ಧೈರ್ಯ ಬಂದಿರಲಿಲ್ಲ. ಅಂಗಳದಲ್ಲಿ ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಅಂದೆ. ಅವನು ಪೂರ್ತಿ ಕೇಳಿದ, ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋದ. ಇನ್ನು ಬರುವುದಿಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ, ಬುಡ ತುಕ್ಕು ಹಿಡಿದ ಒಂದು ಹಳೇ ಮೈಕ್ ಸ್ಟ್ಯಾಂಡ್ ಹೊತ್ತುಕೊಂಡು ಬಂದ. ಅದನ್ನು ಪೂರ್ತಿ ಎತ್ತರಕ್ಕೆ ಎಳೆದು, ತಿರುಪು ಬಿಗಿ ಮಾಡಿ, ನನ್ನ ಮುಂದೆ ನಿಲ್ಲಿಸಿದ. "ರಿಸೀವರ್ ತಂದಿದ್ದೀಯಾ?" ಅಂದ.