ಹೆನ್ರಿಯ ಸಹೋದರಿ ಪೋರ್ಚುಗಲ್ ದೊರೆಯನ್ನು ಕೊಂದಳೇ?

‘ದಿ ಟ್ಯೂಡರ್ಸ್’ ಧಾರಾವಾಹಿಯಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಸಹೋದರಿ ಮಾರ್ಗರೆಟ್ ಪೋರ್ಚುಗಲ್ಲಿನ ಮುದಿ ದೊರೆಯನ್ನು ಮದುವೆಯಾಗಿ, ಆಮೇಲೆ ಉಸಿರುಗಟ್ಟಿಸಿ ಕೊಲ್ಲುವುದು ನಿಜವೇ ಎಂದು ಕೇಳಿದ್ದೀರಿ. ಅಂಥದ್ದು ನಡೆದಿಲ್ಲ, ಅಲ್ಲಿ ಇಬ್ಬರು ಸಹೋದರಿಯರನ್ನು ಒಂದೇ ಪಾತ್ರವಾಗಿಸಿದ್ದಾರೆ. ಹದಿನೆಂಟರ ತಂಗಿ ಮೇರಿ 1514ರಲ್ಲಿ ವರಿಸಿದ್ದು ಐವತ್ತೆರಡು ವರ್ಷದ ಫ್ರಾನ್ಸ್ ದೊರೆ ಹನ್ನೆರಡನೆಯ ಲೂಯಿಯನ್ನು. ಆತ 1515ರ ಜನವರಿ 1ರಂದು ತೀರಿಕೊಂಡ ಕೆಲವೇ ವಾರಗಳಲ್ಲಿ ಅವಳು, ಅಣ್ಣನ ಅನುಮತಿಗೂ ಕಾಯದೆ, ಅವನ ಆಪ್ತಮಿತ್ರ ಚಾರ್ಲ್ಸ್ ಬ್ರ್ಯಾಂಡನ್‌ನನ್ನು ಗುಟ್ಟಾಗಿ ಮದುವೆಯಾದಳು. ಅದಕ್ಕಾಗಿ ದಂಪತಿ ಭಾರಿ ದಂಡ ತೆರಬೇಕಾಯಿತು. ಇಷ್ಟು ರೋಚಕವಾದ ನಿಜಕ್ಕೆ ಕೊಲೆಯ ಒಗ್ಗರಣೆ ಬೇಕಿರಲಿಲ್ಲ. ನನಗೆ ಹೆಚ್ಚು ಖೇದವಾಗುವುದು ನಿಜವಾದ ಅಕ್ಕ ಮಾರ್ಗರೆಟ್ ಕಥೆಯಿಂದಲೇ ಮಾಯವಾದದ್ದಕ್ಕೆ: 1503ರಲ್ಲಿ ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸನ ಕೈಹಿಡಿದ ಅವಳ ಮರಿಮಗನೇ, ಹೆನ್ರಿಯ ಮಗಳು ರಾಣಿ ಮೊದಲನೆಯ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ, 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದವನು.